ಟಾರ್ಚಿಗೆ ಮೂರು ಬೆಳಕು: ಕಷ್ಟ ಇರುವುದು ಸ್ವಿಚ್ಚಿನ ಅರ್ಧ ಒತ್ತಿನಲ್ಲಿ

2.8 ಆಂಪ್ ಹರಿಸುವ ಟಾರ್ಚ್ ಹಿಡಿದು ಪುಸ್ತಕ ಓದಲು ಹೋದರೆ ಕಣ್ಣು ಕುಕ್ಕುತ್ತದೆ, 18650 ಲಿಥಿಯಂ ಸೆಲ್ಲೂ ಸುಮಾರು ಒಂದು ಗಂಟೆಗೆ ಬರಿದಾಗುತ್ತದೆ. ಮಂದ ಬೆಳಕು ಬೇಕೇ ಬೇಕು.

ಇಲ್ಲಿ ಹೇಳುತ್ತಿರುವುದು ಎಟಿಟೈನಿ13ಎ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಚಿಪ್ ಮತ್ತು ಎಂಟು ಎಎಂಸಿ7135 ಕರೆಂಟ್ ನಿಯಂತ್ರಕಗಳಿರುವ, ಎಲ್‌ಇಡಿಗೆ ಕರೆಂಟ್ ಕೊಡುವ 17 ಮಿ.ಮೀ. ಡ್ರೈವರ್ ಬೋರ್ಡಿನ ವಿಷಯ. ಒಂದೊಂದು 7135 ಕೂಡ 350 ಮಿಲಿಆಂಪ್ ಮೀರದಂತೆ ಕರೆಂಟನ್ನು ಹಿಡಿದಿಡುತ್ತದೆ. ಸೆಲ್ ಒಂದೇ, ಸ್ವಿಚ್ ಬಾಲದಲ್ಲಿರುವ ರಿವರ್ಸ್ ಕ್ಲಿಕಿ (ಉರಿಯುವಾಗ ಅರ್ಧ ಒತ್ತಿದರೆ ಕ್ಷಣಕಾಲ ಆರುವಂಥದ್ದು).

ಬೋರ್ಡ್ ಬಂದಹಾಗೆ ಎಂಟೂ 7135ಗಳು ಚಿಪ್ಪಿನ 6ನೇ ಕಾಲಿಗೆ ಕಟ್ಟಿಕೊಂಡಿರುತ್ತವೆ. ಬೆಳಕು ತಗ್ಗಿಸಲು ಎಂಟನ್ನೂ ಒಟ್ಟಿಗೆ ವೇಗವಾಗಿ ಹಚ್ಚಿ ಆರಿಸುತ್ತಿರಬೇಕು (ಇದೇ ಪಿಡಬ್ಲ್ಯೂಎಂ). ಇದಕ್ಕಿಂತ ಒಂದನ್ನು ಬೇರೆ ಮಾಡುವುದು ಒಳ್ಳೆಯದು. ಸರಾಸರಿ ಕರೆಂಟ್ ಅಷ್ಟೇ ಇದ್ದರೂ, 2.8 ಆಂಪ್ ಅನ್ನು ತುಂಡು ತುಂಡಾಗಿ ಕೊಡುವುದಕ್ಕಿಂತ 350 ಮಿಲಿಆಂಪ್ ಅನ್ನು ಸತತವಾಗಿ ಕೊಟ್ಟಾಗ ಎಲ್‌ಇಡಿ ಹೆಚ್ಚು ಬೆಳಗುತ್ತದೆ, ಮಿನುಗೂ ಇರುವುದಿಲ್ಲ.

ಹಾಗಾಗಿ ಒಂದು 7135ರ ವಿಡಿಡಿ ಕಾಲನ್ನು (ಅದನ್ನು ಹಚ್ಚುವ ವೋಲ್ಟೇಜ್ ಬರುವ ಕಾಲು) ಎಬ್ಬಿಸಿ. ಅದಕ್ಕಿರುವ ಮೂರು ಕಾಲುಗಳಲ್ಲಿ ನಡುವಿನದು ಗ್ರೌಂಡ್. ಅಂಚಿನ ಎರಡರಲ್ಲಿ ಚಿಪ್ಪಿನ 6ನೇ ಕಾಲಿನ ಜೊತೆ ಮಲ್ಟಿಮೀಟರ್ ಬೀಪ್ ಕೊಡುವುದೇ ವಿಡಿಡಿ. ಸೋಲ್ಡರ್ ಪೂರ್ತಿ ಕರಗಿದ ಮೇಲೆ ಸೂಜಿಯಿಂದ ಒಮ್ಮೆ ಮಾತ್ರ ಎತ್ತಿ. ಹಿಂದೆ ಮುಂದೆ ಬಗ್ಗಿಸಿದರೆ ಕಾಲು ಬುಡದಲ್ಲೇ ಮುರಿಯುತ್ತದೆ. ಅಡಿಗೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಚೂರು ಸೇರಿಸಿ, ಅಲ್ಲಿಂದ ಚಿಪ್ಪಿನ 5ನೇ ಕಾಲಿಗೆ ತೆಳು ಎನಾಮಲ್ ತಂತಿ ಬೆಸೆಯಿರಿ.

ಈಗ ಚಿಪ್ಪಿನ ಪ್ರೋಗ್ರಾಮಿನಲ್ಲಿ ಬರೆಯಬೇಕಾದ ಮಟ್ಟಗಳು: ಒಂದೇ 7135ನ್ನು ಪಿಡಬ್ಲ್ಯೂಎಂ 255ರಲ್ಲಿ 20ಕ್ಕೆ ಇಟ್ಟರೆ ಸುಮಾರು 27 ಮಿಲಿಆಂಪ್, ಅದನ್ನೇ ಪೂರ್ತಿ ಬಿಟ್ಟರೆ 350, ಎಂಟೂ ಸೇರಿದರೆ 2800. ಪ್ರತಿ ಹೆಜ್ಜೆಯೂ ಎಂಟು-ಹದಿಮೂರು ಪಟ್ಟು. ಇಷ್ಟು ಅಂತರ ಇದ್ದರೇ ಕಣ್ಣಿಗೆ ಹೆಜ್ಜೆಗಳು ಸಮವಾಗಿ ಕಾಣುವುದು. 33, 66, 100 ಶೇಕಡಾ ಎಂದು ಹಂಚಿದರೆ ಮೇಲಿನ ಎರಡರ ನಡುವೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಪಿಡಬ್ಲ್ಯೂಎಂ ಫೇಸ್ ಕರೆಕ್ಟ್ ಎಂಬ ಬಗೆಯದಾಗಿರಲಿ, ಅದರಲ್ಲಿ ಪಲ್ಸ್ ಅಗಲವಾಗಿ ಬರುತ್ತದೆ. 7135 ಹಚ್ಚಿಕೊಳ್ಳುವುದು ನಿಧಾನ, ತೀರಾ ಕಿರಿದಾದ ಪಲ್ಸ್ ಅದರೊಳಗೇ ಕರಗಿಹೋಗುತ್ತದೆ.

ಇಷ್ಟು ಸಲೀಸು. ಕಷ್ಟವೆಲ್ಲ ಇರುವುದು ಮೋಡ್ ಬದಲಿಸುವುದರಲ್ಲಿ. ಅರ್ಧ ಒತ್ತಿದರೆ ಚಿಪ್ಪಿನ ಕರೆಂಟೇ ಹೋಗುತ್ತದೆ. ಮತ್ತೆ ಎಚ್ಚರವಾದಾಗ ಅದು ತಿಳಿಯಬೇಕಾದದ್ದು ಒಂದೇ: ಆರಿದ್ದು ಕ್ಷಣಕಾಲವೋ, ಬಹಳ ಹೊತ್ತೋ?

ಅಗ್ಗದ ಉಪಾಯ ರ್ಯಾಮ್. ಕರೆಂಟ್ ಹೋದ ತಕ್ಷಣ ಅದರಲ್ಲಿದ್ದದ್ದು ಅಳಿಯುವುದಿಲ್ಲ. ಮೋಡ್ ಸಂಖ್ಯೆಯನ್ನೂ ಜೊತೆಗೆ ನಾಲ್ಕು ಗುರುತಿನ ಬೈಟ್‌ಗಳನ್ನೂ ರ್ಯಾಮಿನ ನೋಇನಿಟ್ (ಆರಂಭದಲ್ಲಿ ಮುಟ್ಟದೆ ಬಿಡುವ) ವಿಭಾಗದಲ್ಲಿಡಿ. ಇಲ್ಲದಿದ್ದರೆ ಸ್ಟಾರ್ಟಪ್ ಕೋಡ್ ಅವನ್ನು ಸೊನ್ನೆ ಮಾಡಿಬಿಡುತ್ತದೆ. ನಾಲ್ಕೂ ಹಾಗೇ ಉಳಿದಿದ್ದರೆ ಮುಂದಿನ ಮೋಡ್, ಒಂದು ಕೆಟ್ಟಿದ್ದರೂ ಮೊದಲನೆಯದು. ದೋಷವಿರುವುದು ತಾಪದಲ್ಲಿ: ಚಿಪ್ ಬಿಸಿಯಾದರೆ ನೆನಪು ಬೇಗ ಅಳಿಯುತ್ತದೆ, ತಣ್ಣಗಿದ್ದರೆ ಆರಿಸಿ ಸ್ವಲ್ಪ ಹೊತ್ತಾದ ಮೇಲೂ ಉಳಿದಿರುತ್ತದೆ.

ಅದಕ್ಕೇ 1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕುವುದು ಮೇಲು. 3ನೇ ಕಾಲೂ 4ನೇ ಕಾಲೂ ಪಕ್ಕಪಕ್ಕ, 4 ಗ್ರೌಂಡ್. 1.27 ಮಿ.ಮೀ. ಅಂತರಕ್ಕೆ 0603 ಅಳತೆಯದು ಎರಡೂ ಕಾಲುಗಳ ಮೇಲೆ ಸೇತುವೆಯಂತೆ ಕೂರುತ್ತದೆ. ಉರಿಯುವಾಗ 3ನೇ ಕಾಲು ಹೈ ಆಗಿರಲಿ, ಕೆಪಾಸಿಟರ್ ಚಾರ್ಜ್ ಆಗಿರುತ್ತದೆ; ಆರಿದ ಮೇಲೆ ಮೆಲ್ಲಗೆ ಇಳಿಯುತ್ತದೆ. ಎಚ್ಚರವಾದೊಡನೆ, ಮತ್ತೆ ಚಾರ್ಜ್ ಮಾಡುವ ಮೊದಲೇ, ಚಿಪ್ಪಿನೊಳಗೆ ವೋಲ್ಟೇಜ್ ಅಳೆಯುವ ಎಡಿಸಿಯಿಂದ ಓದಿ: ವೋಲ್ಟೇಜ್ ಉಳಿದಿದ್ದರೆ ಕ್ಷಣದ ಒತ್ತು. ಗಡಿಯ ಸಂಖ್ಯೆಯನ್ನು ಒತ್ತಿ ನೋಡುತ್ತಾ ನಿಮ್ಮ ಬೆರಳಿಗೆ ಹೊಂದಿಸಿಕೊಳ್ಳಿ.

ಬ್ಯಾಟರಿ ಕಡೆಯ ದೊಡ್ಡ ಕೆಪಾಸಿಟರ್ 10 ಮೈಕ್ರೋಫ್ಯಾರಡ್ ಇದ್ದರೆ ಸಾಕು. 470 ಹಾಕಿದರೆ ಚಿಪ್ ಸುಮಾರು ಮೂರನೇ ಒಂದು ಸೆಕೆಂಡ್ ಎಚ್ಚರವಾಗೇ ಇರುತ್ತದೆ, ಚುರುಕಾಗಿ ಒತ್ತಿದ್ದು ಅದಕ್ಕೆ ತಿಳಿಯುವುದೇ ಇಲ್ಲ.

ಫ್ಯೂಸ್ (ಚಿಪ್ಪಿನ ವೇಗ ಮುಂತಾದವನ್ನು ನಿಗದಿಪಡಿಸುವ ಬಿಟ್‌ಗಳು) ಬರೆಯುವಾಗ ಸೆಲ್ ತೆಗೆದಿಟ್ಟು ಎಂಟು ಕಾಲಿನ ಕ್ಲಿಪ್ ಮತ್ತು ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ ಹಚ್ಚಿ. ಲೋ ಫ್ಯೂಸ್ ಹೆಕ್ಸ್ 75 ಎಂದರೆ 4.8 ಮೆಗಾಹರ್ಟ್ಸ್. ಇದನ್ನು ಮರೆತರೆ ಹೊಸ ಚಿಪ್ 1.2ರಲ್ಲೇ ಓಡಿ ಎಲ್ಲ ಸಮಯವೂ ನಾಲ್ಕು ಪಟ್ಟು ಹಿಗ್ಗುತ್ತದೆ. ಹೈ ಫ್ಯೂಸ್ ಎಫ್‌ಡಿ ಇರಲಿ, 1.8 ವೋಲ್ಟ್‌ಗಿಂತ ಕೆಳಗೆ ಚಿಪ್ ಎಡವಟ್ಟು ಮಾಡದಂತೆ ಅದು ತಡೆಯುತ್ತದೆ. ಕೈತಪ್ಪಿ ಎಫ್‌ಇ ಬರೆದಿರೋ, ರಿಸೆಟ್ ಕಾಲು ಸತ್ತು 12 ವೋಲ್ಟ್ ಪ್ರೋಗ್ರಾಮರ್ ಇಲ್ಲದೆ ಚಿಪ್ ಮತ್ತೆ ಕೈಗೆ ಸಿಗುವುದಿಲ್ಲ.

ಕೊನೆಗೆ ಬಾಲದ ಮುಚ್ಚಳ ಬಿಚ್ಚಿ, ಮಲ್ಟಿಮೀಟರನ್ನು 10 ಆಂಪ್‌ನಲ್ಲಿಟ್ಟು ಕರೆಂಟ್ ಅಳೆಯಿರಿ. ಮುಚ್ಚಳವಿಲ್ಲದಾಗ ಮೀಟರಿನ ಕಡ್ಡಿಯೇ ಸ್ವಿಚ್. ಅರೆಕ್ಷಣ ಎತ್ತಿ ತಾಗಿಸಿದರೆ ಮೋಡ್ ಬದಲಾಗುತ್ತದೆ. ಪ್ರಖರದಲ್ಲಿ 2.8 ಬಾರದಿದ್ದರೆ ಮೊದಲು ಮೀಟರಿನ ತೆಳು ವೈರುಗಳನ್ನು ಬದಲಿಸಿ. ಆಮೇಲೂ ಕಡಿಮೆಯೇ ಬಂದರೆ ಸ್ಪ್ರಿಂಗ್‌ನ ಬುಡದಿಂದ ತುದಿಗೆ ಒಂದು ತಾಮ್ರದ ತಂತಿ ಬೆಸೆಯಿರಿ.