ಕವಿತೆ ತರಗತಿ: ಪಲ್ಲವಿಯವರೆಗೆ ಬಂದಿದ್ದೇವೆ

ಆಟಿಸಂ ಇರುವ ಮಕ್ಕಳ ಕವಿತೆ ತರಗತಿ ಈ ತಿಂಗಳು ಪಲ್ಲವಿಗೆ ಬಂದು ನಿಂತಿದೆ. ಪ್ರಾಸವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಪ್ರಾಸ ಹುಡುಕುವ ಭರದಲ್ಲಿ ಮಕ್ಕಳು ಹೇಳಹೊರಟ ಮಾತೇ ಕೈತಪ್ಪುತ್ತದೆ. ಮರುಕಳಿಸುವ ಸಾಲಾದರೋ ಅವರಲ್ಲಿ ಅನೇಕರಿಗೆ ತಾನಾಗಿ ಒಲಿದಿದೆ.

ಒಬ್ಬ ಹುಡುಗ ಗದ್ದಲ ಏರಿದಾಗಲೆಲ್ಲ ಥೇಟ್ ಲಿಫ್ಟಿನ ದನಿಯಲ್ಲಿ 'ಬಾಗಿಲು ಮುಚ್ಚುತ್ತಿದೆ' ಎನ್ನುತ್ತಾನೆ. ಕೇಳಿದ ಮಾತನ್ನು ಹೀಗೆ ಮರಳಿ ನುಡಿಯುವುದಕ್ಕೆ ಎಕೋಲೇಲಿಯಾ ಎಂಬ ಹೆಸರಿದೆ. ಅರ್ಥವಿಲ್ಲದ ಮಾತೆಂದು ಅದನ್ನು ತಡೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 1943ರಲ್ಲಿ ಆಟಿಸಂ ಕುರಿತ ಪ್ರಸಿದ್ಧ ಪ್ರಬಂಧ ಬರೆದ ಮನೋವೈದ್ಯ ಲಿಯೋ ಕ್ಯಾನರ್, 1946ರ ಇನ್ನೊಂದು ಪ್ರಬಂಧದಲ್ಲಿ ಇಂಥ ಮಾತುಗಳನ್ನು ರೂಪಕಗಳೆಂದೇ ಓದಿದರು. ಅವರು ಕಂಡ ಒಂದು ಮಗುವಿನ ತಾಯಿ ಶಿಶುಗೀತೆ ಹೇಳುತ್ತಿದ್ದಾಗ ಕೈಯಿಂದ ಪಾತ್ರೆ ಜಾರಿ ಬಿತ್ತು. ಮುಂದೆ ಅಂಥ ಪಾತ್ರೆ ಕಂಡಾಗಲೆಲ್ಲ ಮಗು ಆ ಗೀತೆಯ ಪದಗಳನ್ನೇ ನುಡಿಯುತ್ತಿತ್ತು. ಹಿನ್ನೆಲೆ ತಿಳಿಯದವರಿಗಷ್ಟೇ ಅದು ಅಸಂಬದ್ಧ.

ಹಾಗಾಗಿ 'ನಿನಗೆ ಏನನ್ನಿಸುತ್ತದೆ?' ಎಂದು ಕೇಳುವುದನ್ನು ಬಿಟ್ಟು, ಹುಡುಗನ ಸಾಲನ್ನು ಕಾಗದದ ಪಟ್ಟಿಯ ಮೇಲೆ ಬರೆದು, ನಡುವೆ ಜಾಗ ಖಾಲಿ ಬಿಟ್ಟೆ. ಅವನು ತುಂಬಿದ:

ಗಂಟೆ ಹೊಡೆಯಿತು
ಬಾಗಿಲು ಮುಚ್ಚುತ್ತಿದೆ
ಕುರ್ಚಿ ಎಳೆದರು
ಬಾಗಿಲು ಮುಚ್ಚುತ್ತಿದೆ
ಎಲ್ಲರೂ ಹೋದರು
ಬಾಗಿಲು ತೆರೆಯುತ್ತಿದೆ

ಕೊನೆಯ ಸಾಲಿನ ಬದಲಾವಣೆ ಅವನದೇ. ಪಲ್ಲವಿಯನ್ನು ಯಾವಾಗ ಮುರಿಯಬೇಕೆಂಬುದು ಪಳಗಿದ ಕವಿಗಳಿಗೂ ಸುಲಭವಲ್ಲ.

ಮಾತನಾಡದ ಹುಡುಗಿಯೊಬ್ಬಳು ಟ್ಯಾಬ್ಲೆಟ್‌ನ ಚಿತ್ರಗುಂಡಿಗಳನ್ನು ಒತ್ತಿ ಬರೆಯುತ್ತಾಳೆ. 'ನೀಲಿ ನೀಲಿ ನೀಲಿ ನೀರು' ಎಂದು ಬಂದಾಗ ಸಹಾಯಕರು ಒಂದು 'ನೀಲಿ'ಯನ್ನು 'ಆಕಾಶ' ಮಾಡಿಕೊಟ್ಟರು. ಅವಳು ಅದನ್ನು ಅಳಿಸಿ ಮತ್ತೆ 'ನೀಲಿ' ಒತ್ತಿದಳು. ಅಲ್ಲಿಗೆ ತೀರ್ಮಾನವಾಯಿತು. ನಾವು ಯಾರೂ ಮಕ್ಕಳ ಕೈ, ಮೊಣಕೈ ಹಿಡಿದು ಬರೆಸುವುದಿಲ್ಲ. ಹಾಗೆ ಟೈಪ್ ಮಾಡಿಸಿದಾಗ ಬರುವ ಮಾತು ಹಿಡಿದವರದೇ ಎಂದು 1990ರ ದಶಕದ ಪರೀಕ್ಷೆಗಳೇ ತೋರಿಸಿವೆ. ಎರಡೇ ಪದ ಬಂದರೂ ಸರಿ, ಅವು ಮಗುವಿನವಾಗಿರಬೇಕು.

ಕೋಣೆಯ ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ಬೆಳಕಿನಲ್ಲೇ ಕೂರುತ್ತಿದ್ದೇವೆ, ಕೆಲವರಿಗೆ ಅದರಿಂದ ನಿರಾಳ. ಚಪ್ಪಾಳೆಯ ಸದ್ದನ್ನೂ ನಿಲ್ಲಿಸಿದ್ದೇವೆ.

ಮುಂದೆ ಕವಿತೆಗಳನ್ನು ಗೋಡೆಗೆ ಹಚ್ಚುವ ಯೋಚನೆಯಿದೆ, ಬರೆದವರು ಒಪ್ಪಿದರೆ ಮಾತ್ರ. 'ಹೌದು', 'ಬೇಡ' ಎಂಬ ಎರಡು ಕಾರ್ಡು ಇಟ್ಟು ಒಬ್ಬೊಬ್ಬರನ್ನೇ ಕೇಳಿದೆ. ಹುಡುಗ 'ಹೌದು' ಎತ್ತಿಕೊಂಡ. ನೀಲಿ ನೀರಿನ ಹುಡುಗಿ 'ಬೇಡ' ಎಂದಳು. ಅವಳದು ಅವಳ ಫೈಲಿನಲ್ಲೇ ಇರುತ್ತದೆ.