ಲಿಯರ್ ಅನ್ನೋ ರಾಜ ನಿಜವಾಗಿ ಇದ್ದನಾ?

ಶೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’ ನಾಟಕದ ಮಾತು ಬಂದರೆ ಸಾಕು, ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಇದ್ದ ಅನ್ನುವುದಕ್ಕೆ ಪುರಾವೆ ಇಲ್ಲ. ಕಥೆ ಮಾತ್ರ ಶೇಕ್ಸ್‌ಪಿಯರ್‌ಗಿಂತ ತುಂಬಾ ಹಳೆಯದು.

1136ರ ಸುಮಾರಿಗೆ ಮಾನ್ಮತ್‌ನ ಜೆಫ್ರಿ ಎಂಬಾತ ಲ್ಯಾಟಿನ್‌ನಲ್ಲಿ ಬ್ರಿಟನ್ ರಾಜರ ಚರಿತ್ರೆ ಬರೆದ. ಹೆಸರಿಗೆ ಚರಿತ್ರೆ, ಒಳಗೆ ಬಹುಪಾಲು ಕಥೆ. ಅವನ ಲಿಯರ್ 60 ವರ್ಷ ಆಳಿದವನು, ಇಂಗ್ಲೆಂಡಿನ ಲೆಸ್ಟರ್ ಊರು ಕಟ್ಟಿದವನು. ರಾಜನಿಂದ ಊರಿಗೆ ಹೆಸರು ಬಂತು ಅನ್ನುತ್ತಾನೆ ಜೆಫ್ರಿ. ಊರಿನ ಹೆಸರಿನಿಂದಲೇ ರಾಜ ಹುಟ್ಟಿರಬೇಕು ಅಂತ ನನ್ನ ಗುಮಾನಿ. ನಮ್ಮ ಸ್ಥಳಪುರಾಣಗಳಲ್ಲೂ ಎಷ್ಟೋ ಸಲ ಹೀಗೇ ಅಲ್ವಾ? ಲಿಯರ್‌ನ ಸಮಾಧಿ ಲೆಸ್ಟರ್‌ನ ಸೋರ್ ನದಿಯ ಕೆಳಗಿನ ನೆಲಮಾಳಿಗೆಯಲ್ಲಿತ್ತಂತೆ. ರೋಮನ್ನರ ಜಾನಸ್ ದೇವರ ಹಬ್ಬದ ದಿನ ಊರಿನ ಕುಶಲಕರ್ಮಿಗಳೆಲ್ಲ ಅಲ್ಲಿ ಸೇರಿ ವರ್ಷದ ಕೆಲಸಕ್ಕೆ ಕೈ ಹಾಕುತ್ತಿದ್ದರಂತೆ. ಓದಿದಾಗ ನನಗೆ ಆಯುಧಪೂಜೆ ನೆನಪಾಯಿತು.

ಮೂವರು ಹೆಣ್ಣುಮಕ್ಕಳು, ಯಾರಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ ಎಂಬ ಪರೀಕ್ಷೆ, ಬೆಣ್ಣೆ ಹಚ್ಚದ ಕಿರಿಯವಳಿಗೆ ಶಿಕ್ಷೆ, ಇದೆಲ್ಲ ಜೆಫ್ರಿಯಲ್ಲೇ ಇದೆ. ‘ಅಪ್ಪಾ, ನೀನು ನನಗೆ ಉಪ್ಪಿನ ಹಾಗೆ’ ಅಂದು ಬೈಸಿಕೊಂಡ ಮಗಳ ಕಥೆಯನ್ನು ನಮ್ಮಜ್ಜಿಯೂ ಹೇಳುತ್ತಿದ್ದಳು. ಈ ಜಾತಿಯ ಕಥೆ ಯುರೋಪಿನಲ್ಲೂ ಇದೆ, ಭಾರತದಲ್ಲೂ ಇದೆ.

ಜೆಫ್ರಿಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಒಂದಿದೆ. ಹಿರಿಯ ಹೆಣ್ಣುಮಕ್ಕಳನ್ನು ನಂಬಿ ಎಲ್ಲ ಕಳೆದುಕೊಂಡ ಮುದುಕ ಒಬ್ಬನೇ ಒಬ್ಬ ಸೇವಕನ ಜೊತೆ ಫ್ರಾನ್ಸಿಗೆ, ಅಲ್ಲಿನ ರಾಜನನ್ನು ಮದುವೆಯಾಗಿದ್ದ ಕಿರಿಯ ಮಗಳ ಊರ ಬಾಗಿಲಿಗೆ ಬರುತ್ತಾನೆ. ಅವಳು ಅಳುತ್ತಾಳೆ. ಆದರೆ ತಕ್ಷಣ ಅರಮನೆಗೆ ಕರೆಸುವುದಿಲ್ಲ. ಗುಟ್ಟಾಗಿ ಹಣ ಕಳಿಸಿ, ಬೇರೆ ಊರಲ್ಲಿ ಇರಿಸಿ, ಸ್ನಾನ ಮಾಡಿಸಿ, ಒಳ್ಳೆ ಬಟ್ಟೆ ಉಡಿಸಿ, ಜೊತೆಗೆ 40 ಜನರನ್ನು ಕೊಟ್ಟು, ಆಮೇಲಷ್ಟೇ ‘ಮಾವ ಬಂದಿದ್ದಾರೆ’ ಅಂತ ಗಂಡನಿಗೆ ಸುದ್ದಿ ಹೋಗುವ ಹಾಗೆ ಮಾಡುತ್ತಾಳೆ. ಅಪ್ಪನ ಮಾನ ಅಳಿಯನ ಮುಂದೆ ಹೋಗಬಾರದಲ್ಲ!

ಆಮೇಲೆ ಲಿಯರ್ ಗೆಲ್ಲುತ್ತಾನೆ! ರಾಜ್ಯ ವಾಪಸ್ ಪಡೆದು, ಮೂರು ವರ್ಷ ಆಳಿ, ನೆಮ್ಮದಿಯಾಗಿ ಸಾಯುತ್ತಾನೆ. 1605ರಲ್ಲಿ ಅಚ್ಚಾದ, ಯಾರು ಬರೆದರೋ ತಿಳಿಯದ ‘ಲಿಯರ್’ ನಾಟಕದಲ್ಲೂ ಅವನಿಗೆ ಸಿಂಹಾಸನ ಸಿಗುತ್ತದೆ. ಜೆಫ್ರಿಯಲ್ಲಿ ಕಿರಿಯ ಮಗಳ ಪಾಡು ಮಾತ್ರ ಬೇರೆ. ಅಪ್ಪನ ನಂತರ ಐದು ವರ್ಷ ಆಳಿದ ಅವಳನ್ನು ಅಕ್ಕಂದಿರ ಮಕ್ಕಳು ಸೆರೆಗೆ ಹಾಕುತ್ತಾರೆ, ಅವಳು ಅಲ್ಲೇ ಪ್ರಾಣ ಕಳೆದುಕೊಳ್ಳುತ್ತಾಳೆ. ಶೇಕ್ಸ್‌ಪಿಯರ್ ಆ ಸೆರೆಯ ಸಾವನ್ನು ಮುಂದಕ್ಕೆ ಎಳೆದು ತಂದು ಅಪ್ಪನ ತೋಳಿಗೇ ಹಾಕಿದ. 1606ರ ಡಿಸೆಂಬರ್ 26ರಂದು ಜೇಮ್ಸ್ ದೊರೆಯ ಮುಂದೆ ನಾಟಕವಾಡಿದಾಗ, ಹಳೆ ಕಥೆ ಗೊತ್ತಿದ್ದವರು ಕೊನೆವರೆಗೂ ರಾಜ ಗೆಲ್ಲುತ್ತಾನೆ ಅಂತಲೇ ಕೂತಿರಬೇಕು.

ಜನಕ್ಕೆ ಆ ದುರಂತದ ಕೊನೆಯನ್ನು ಅರಗಿಸಿಕೊಳ್ಳುವುದು ಕಷ್ಟವಾಯಿತು. 1681ರಲ್ಲಿ ನಾಹಮ್ ಟೇಟ್ ಎಂಬ ಕವಿ ಮಗಳನ್ನು ಬದುಕಿಸಿ, ಮದುವೆಯನ್ನೂ ಮಾಡಿಸಿದ. ಸುಮಾರು 150 ವರ್ಷ ಇಂಗ್ಲಿಷ್ ರಂಗಭೂಮಿಯಲ್ಲಿ ಓಡಿದ್ದು ಅದೇ.