ಮೈಕ್ ಹಿಡಿದು ನಕ್ಕದ್ದು

ಹುಂಜದ ಹರಾಜು ಮುನ್ನೂರು ರೂಪಾಯಿಯಿಂದ ಶುರುವಾಯಿತು. ಕೆಂಪು ಮೈ, ಕಪ್ಪು ಬಾಲ, ಬಾಳೆನಾರಿನಿಂದ ಕಾಲು ಕಟ್ಟಿದ ಊರಕೋಳಿ. ಚರ್ಚಿನ ಎದುರು ಶಾಮಿಯಾನದಡಿ ಹಾಕಿದ ಮೇಜಿನ ಮೇಲೆ ಸೌತೆಕಾಯಿ, ಸುವರ್ಣಗಡ್ಡೆ, ಬಾಳೆಗೊನೆ, ಸ್ತ್ರೀಯರ ಅನ್ಯೋನ್ಯ ಕೂಟದವರ ಕೇಕುಗಳು. ಇವುಗಳ ನಡುವೆ ನಮ್ಮನ್ನು ತಿರುಗಿ ನೋಡುತ್ತಿದ್ದ ಕಾಣಿಕೆ ಅದೊಂದೇ. ಬೆಳೆ ಹಬ್ಬದ ಆರಾಧನೆ ಮುಗಿದು ಅರ್ಧ ಗಂಟೆಯಾಗಿತ್ತು. ನಾನಿನ್ನೂ ನಿಲುವಂಗಿ ಕಳಚಿರಲಿಲ್ಲ. ಕೈಯಲ್ಲಿ ಮೈಕ್ ಇತ್ತು, ತಲೆಯಲ್ಲಿ ಛಾವಣಿ ದುರಸ್ತಿಯ ಎಸ್ಟಿಮೇಟ್ ಇತ್ತು.

ಹರಾಜು ಕೂಗುವುದು ಸಭಾಪಾಲಕನ, ಅಂದರೆ ಪಾಸ್ಟರನ, ಕೆಲಸವಲ್ಲ. ಪ್ರತಿವರ್ಷ ಅದನ್ನು ಮಾಡುತ್ತಿದ್ದವರು ನಮ್ಮ ಗಂಟೆಯಣ್ಣ. ಗಂಟೆ ಬಾರಿಸುವುದು, ಅಂಗಳ ಗುಡಿಸುವುದು, ಯಾರಾದರೂ ತೀರಿಕೊಂಡರೆ ಗುಂಡಿ ತೋಡಿಸುವುದು, ಎಲ್ಲವೂ ಅವರದ್ದೇ. ನಾನು ಆ ಚರ್ಚಿನ ಸಭೆಗೆ ವರ್ಗವಾಗಿ ಹದಿನಾಲ್ಕು ತಿಂಗಳಾಗಿತ್ತು. ಜನರೊಂದಿಗೆ ಬೆರೆತಂತಾಗುತ್ತದೆ ಎಂದು "ಈ ಸಲ ನಾನೇ ಕೂಗುತ್ತೇನೆ" ಎಂದು ಮೈಕನ್ನು ಅವರ ಕೈಯಿಂದ ತೆಗೆದುಕೊಂಡೆ. ಅವರು ಒಂದು ಕ್ಷಣ ತಡೆದು ಕೊಟ್ಟರು. ಆ ತಡೆದದ್ದನ್ನು ನಾನು ಗಮನಿಸಬೇಕಿತ್ತು.

ನಾನು ಚಾಮರಾಜನಗರದ ಕಡೆಯವನು. ಅದು ಕರಾವಳಿಯ ಸಭೆ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದ್ದು. ಆರಾಧನೆ ಕನ್ನಡದಲ್ಲಿ, ಅಂಗಳಕ್ಕಿಳಿದರೆ ತುಳು. ಹರಾಜಿಗೆಂದು ನಾನು ಕಲಿತದ್ದು ಒಂಜಿ, ರಡ್ಡ್, ಮೂಜಿ, ಇಷ್ಟೇ. ಅಷ್ಟು ತುಳುವಿನಲ್ಲಿ ಕೋಳಿ ಮಾರಬಹುದು ಎಂದುಕೊಂಡಿದ್ದೆ. ಮಾರಿದೆ ಕೂಡ.

ಎರಡು ಸಾವಿರ ದಾಟುವ ಹೊತ್ತಿಗೆ ಕೂಗುವವರು ಇಬ್ಬರೇ ಉಳಿದರು. ಒಬ್ಬರು ನಮ್ಮ ಖಜಾಂಚಿ. ದುಬೈಯಲ್ಲಿದ್ದ ಮಗನನ್ನು ವಿಡಿಯೋ ಕರೆಯಲ್ಲಿಟ್ಟುಕೊಂಡು ಮೊಬೈಲನ್ನು ಹುಂಜದ ಮುಖಕ್ಕೆ ಹಿಡಿದಿದ್ದರು. ಇನ್ನೊಬ್ಬರು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿ, ಕರಡು ತಿದ್ದಿ ನಿವೃತ್ತರಾದ ಎಂಬತ್ತರ ಅಜ್ಜ; ಹುಂಜ ಅವರ ಮನೆಯ ಕಾಣಿಕೆಯೇ. ಈ ಅಜ್ಜ ಪ್ರತಿ ಭಾನುವಾರ ಆರಾಧನಾ ಪತ್ರಿಕೆಯ ತಪ್ಪುಗಳಿಗೆ ಕೆಂಪು ಪೆನ್ಸಿಲ್ಲಿನಿಂದ ಗುರುತು ಹಾಕಿ, ಮಡಚಿ, ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಅಲ್ಪಪ್ರಾಣ ಮಹಾಪ್ರಾಣದ ವಿಷಯದಲ್ಲಿ ಅವರಿಗೆ ಕರುಣೆಯೇ ಇರಲಿಲ್ಲ.

ಮೂರು ಸಾವಿರ. ನಾಲ್ಕು. ಐದೂವರೆ. ಅಜ್ಜ ಪ್ರತಿ ಸಲವೂ ಇನ್ನೂರೈವತ್ತು ಏರಿಸುತ್ತಿದ್ದರು, ಖಜಾಂಚಿಯ ಮಗ ಫೋನಿನೊಳಗಿಂದಲೇ ಸಾವಿರ ಏರಿಸುತ್ತಿದ್ದ. ಅಜ್ಜನ ಕೊರಳಿನ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಅವರ ಸೊಸೆ ಹಿಂದಿನಿಂದ ಅಂಗಿಯ ತುದಿ ಎಳೆಯುತ್ತಿದ್ದದ್ದೂ ಕಾಣುತ್ತಿತ್ತು. ಇವರು ಕೋಳಿಗಾಗಿ ಕೂಗುತ್ತಿಲ್ಲ ಎಂದು ಗೊತ್ತಾಗಲು ತುಳು ಬರಬೇಕಾಗಿರಲಿಲ್ಲ. ನಾನು ಮಾತ್ರ "ಕರ್ತನ ಆಲಯಕ್ಕೆ ಉದಾರವಾದ ಕೈಗಳು!" ಎಂದು ಮೈಕಿನಲ್ಲಿ ಹುರಿದುಂಬಿಸುತ್ತಿದ್ದೆ. ಮನಸ್ಸಿನಲ್ಲಿ ಒಂದೊಂದು ಸಾವಿರಕ್ಕೂ ಎಷ್ಟು ಹಂಚು ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ.

ಒಂಬತ್ತೂವರೆ ಸಾವಿರಕ್ಕೆ ಅಜ್ಜ ಸುಮ್ಮನಾದರು. ನಾನು ಒಂಜಿ ಎಂದೆ, ರಡ್ಡ್ ಎಂದೆ. ಆಗ ಖಜಾಂಚಿ ಅಜ್ಜನ ಕಡೆ ತಿರುಗಿ ತುಳುವಿನಲ್ಲಿ ಏನೋ ಒಂದು ಮಾತು ಹೇಳಿದರು. ಶಾಮಿಯಾನದ ಒಂದು ಬದಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅರ್ಥವಾಗಿರಲಿಲ್ಲ, ಅರ್ಥವಾಗದವನೆಂದು ತೋರಿಸಿಕೊಳ್ಳಬಾರದೆಂದು ನಕ್ಕೆ. ಮೈಕ್ ಬಾಯಿಯ ಹತ್ತಿರವೇ ಇದ್ದುದರಿಂದ ಉಳಿದವರ ನಗು ನಿಂತ ಮೇಲೂ ನನ್ನ ನಗು ಎರಡು ಸ್ಪೀಕರ್‌ಗಳಲ್ಲಿ ರಸ್ತೆಯವರೆಗೆ ಹೋಯಿತು. ಮೂಜಿ ಎಂದು ಮೇಜು ಕುಟ್ಟಿದೆ. ಅಜ್ಜ ಜೇಬಿನಿಂದ ಐನೂರರ ನೋಟೊಂದನ್ನು ತೆಗೆದು ಸುವರ್ಣಗಡ್ಡೆಯ ಕೆಳಗಿಟ್ಟು, ರಸೀದಿಗೂ ಕಾಯದೆ, ಊಟಕ್ಕೂ ನಿಲ್ಲದೆ ಗೇಟು ದಾಟಿದರು.

ಮುಂದಿನ ಭಾನುವಾರ ನನ್ನ ಮೇಜಿನ ಮೇಲೆ ಕೆಂಪು ಗುರುತಿನ ಹಾಳೆ ಇರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅಜ್ಜನ ಕಡೆಯ ನಾಲ್ಕು ಮನೆಗಳೂ ಬರುತ್ತಿರಲಿಲ್ಲ. ಗಾಯನ ಮಂಡಳಿಯಲ್ಲಿ ಇಬ್ಬರು, ಭಾನುವಾರದ ಶಾಲೆಯಲ್ಲಿ ಒಬ್ಬ ಟೀಚರ್ ಕಡಿಮೆ.

ನಾನು ಮಾಡಿದ ಮೊದಲ ಕೆಲಸ, ಸಭಾಪಾಲಕರೆಲ್ಲರೂ ಮಾಡುವ ಹಾಗೆ, ಪ್ರಸಂಗ. ಬೈಬಲಿನ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ ವಾಕ್ಯ ತೆಗೆದುಕೊಂಡೆ. ಕಾಣಿಕೆ ತರುವಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಸಮಾಧಾನವಾಗು ಎಂಬ ಮಾತು. ಕೋಪದಿಂದ ಮನೆಯಲ್ಲಿ ಕುಳಿತವರನ್ನು ಕುರಿತು ಇಪ್ಪತ್ತೈದು ನಿಮಿಷ ಹೇಳಿದೆ. ಕುಳಿತವರು ಮನೆಯಲ್ಲಿದ್ದುದರಿಂದ ಕೇಳಿಸಿಕೊಳ್ಳಲಿಲ್ಲ. ಆ ವಾಕ್ಯ ಎದ್ದು ಹೋಗಲು ಹೇಳುವುದು ಕೋಪಗೊಂಡವನಿಗಲ್ಲ, ಯಾರ ಮೇಲೆ ಕೋಪವಿದೆಯೋ ಅವನಿಗೆ. ಇದು ನನಗೆ ಹೊಳೆದದ್ದು ತಿಂಗಳ ಮೇಲೆ.

ಎರಡನೆಯದು ಚಹಾ ಕೂಟ. ಹಿಂದಿನ ವರ್ಷ ನಮಗೆಲ್ಲ ಎರಡು ದಿನದ ಕಲಹ ನಿರ್ವಹಣೆ ತರಬೇತಿ ಆಗಿತ್ತು. ಕಲಹದಲ್ಲಿ ಮನುಷ್ಯರು ಐದು ಪ್ರಾಣಿಗಳಂತೆ ವರ್ತಿಸುತ್ತಾರೆ ಎಂದು ಪರದೆಯ ಮೇಲೆ ಚಿತ್ರ ತೋರಿಸಿದ್ದರು. ಚಿಪ್ಪಿನೊಳಗೆ ಸರಿಯುವ ಆಮೆ, ಮೇಲೆ ಬೀಳುವ ಶಾರ್ಕ್, ಎಲ್ಲರಿಗೂ ಒಳ್ಳೆಯವನಾಗುವ ಗೊಂಬೆ ಕರಡಿ, ಅರ್ಧರ್ಧ ಹಂಚುವ ನರಿ, ಕುಳಿತು ಬಿಡಿಸುವ ಗೂಬೆ. ನಾವು ಗೂಬೆಗಳಾಗಬೇಕಿತ್ತು. ನಮ್ಮೂರಿನಲ್ಲಿ ಗೂಬೆ ಎಂದರೆ ಏನರ್ಥ ಎಂದು ತರಬೇತಿ ಕೊಟ್ಟವರಿಗೆ ಯಾರೂ ಹೇಳಲಿಲ್ಲ. ಹುಂಜವಂತೂ ಆ ಪಟ್ಟಿಯಲ್ಲೇ ಇರಲಿಲ್ಲ.

ಆ ಧೈರ್ಯದ ಮೇಲೆ ಇಬ್ಬರನ್ನೂ ಒಂದೇ ದಿನ, ಒಂದೇ ಹೊತ್ತಿಗೆ ಪಾಸ್ಟರ್ ಬಂಗಲೆಗೆ ಕರೆದೆ. ಅಜ್ಜ ಬಂದರು. ಜಗಲಿಯಲ್ಲಿ ಖಜಾಂಚಿಯ ಸ್ಕೂಟರ್ ಕಂಡದ್ದೇ ಮೆಟ್ಟಿಲ ಮೇಲೆ ನಿಂತು, "ಅಯ್ಯನವರೇ, ನೀವು ನನ್ನೊಬ್ಬನನ್ನೇ ಕರೆದಿದ್ದೀರಿ ಎಂದುಕೊಂಡೆ" ಎಂದು ತಿರುಗಿದರು. ನಾನು ಹಿಂದೆ ಓಡಲಿಲ್ಲ. ಒಳಗೆ ಖಜಾಂಚಿ ಇದ್ದಾರಲ್ಲ, ಅವರೇನು ತಿಳಿದುಕೊಳ್ಳುತ್ತಾರೋ ಎಂದು ನಿಂತೆ. ಗೊಂಬೆ ಕರಡಿ.

ಅಂದು ಸಂಜೆ ಚಹಾದ ಲೋಟಗಳನ್ನು ಒಯ್ಯುತ್ತಿದ್ದ ಗಂಟೆಯಣ್ಣನನ್ನು ಕೇಳಿಯೇಬಿಟ್ಟೆ: "ಆ ದಿನ ಅವರು ತುಳುವಿನಲ್ಲಿ ಹೇಳಿದ್ದೇನು?"

ಗಂಟೆಯಣ್ಣ ನನ್ನನ್ನು ವಿಚಿತ್ರವಾಗಿ ನೋಡಿದರು. "ನೀವು ನಕ್ಕಿರಿ. ಗೊತ್ತಿದ್ದೇ ನಕ್ಕಿರೆಂದು ನಾವೆಲ್ಲ ತಿಳಿದುಕೊಂಡಿದ್ದೆವು."

ಹೇಳಿದ್ದು ಇಷ್ಟು: ಕುಳಿತುಕೊಳ್ಳಲು ಬೆಂಚಿಲ್ಲದವರಿಗೆ ಕೋಳಿಯ ಹಟ.

ಆ ರಾತ್ರಿ ಮಿನಿಟ್ ಪುಸ್ತಕ ತೆಗೆದೆ. ಮಾರ್ಚ್ ತಿಂಗಳ ಸಮಿತಿ ಸಭೆ, ಏಳನೆಯ ವಿಷಯ: "ಗೆದ್ದಲು ಹಿಡಿದ ಹಳೆಯ ಬೆಂಚುಗಳ ವಿಲೇವಾರಿ. ಒಮ್ಮತದಿಂದ ಅಂಗೀಕರಿಸಲಾಯಿತು." ಅಧ್ಯಕ್ಷರ ಸಹಿ ನನ್ನದೇ. ಹದಿನಾರು ಬೆಂಚುಗಳನ್ನು ಹಳೆ ಮರದ ವ್ಯಾಪಾರಿಗೆ ಕೊಟ್ಟು ಪ್ಲಾಸ್ಟಿಕ್ ಕುರ್ಚಿ ತಂದಿದ್ದೆವು. ಖಜಾಂಚಿ ಮೂರು ಕೊಟೇಶನ್ ತರಿಸಿದ್ದರು, ಲೆಕ್ಕ ಚೊಕ್ಕವಾಗಿತ್ತು, ಅವರ ಕಡೆಯಿಂದ ಒಂದು ಪೈಸೆಯ ತಪ್ಪಿಲ್ಲ. ಹಾಜರಿಯಲ್ಲಿ ಮಾತ್ರ ಅಜ್ಜನ ಹೆಸರಿರಲಿಲ್ಲ. ಆ ವಾರ ಅವರು ಕಣ್ಣಿನ ಪೊರೆಯ ಆಪರೇಷನ್ನಿಗೆ ಹೋಗಿದ್ದರು. ಆಸ್ಪತ್ರೆಯಲ್ಲಿ ಅವರಿಗಾಗಿ ಪ್ರಾರ್ಥನೆ ಮಾಡಿ ಬಂದವನೂ ನಾನೇ. ಬೆಂಚುಗಳ ಸುದ್ದಿಯನ್ನು ಹುಟ್ಟುಹಬ್ಬಗಳಿಗೂ ಗಾಯನ ಅಭ್ಯಾಸಕ್ಕೂ ನಡುವೆ ಪ್ರಕಟಣೆಯಲ್ಲಿ ಓದಿ ಮುಗಿಸಿದ್ದೆ.

ಎಡಗಡೆಯ ಎರಡನೆಯ ಬೆಂಚಿನ ಬೆನ್ನಿನಲ್ಲಿ ಅಜ್ಜನ ಅಜ್ಜನ ಹೆಸರು ಕೆತ್ತಿತ್ತಂತೆ. ನಾನು ಅದನ್ನು ಬೆಂಚು ಇದ್ದಷ್ಟು ದಿನ ಒಮ್ಮೆಯೂ ಓದಿರಲಿಲ್ಲ; ಪುಲ್ಪಿಟ್ಟಿನಿಂದ ಬೆಂಚಿನ ಬೆನ್ನು ಕಾಣುವುದಿಲ್ಲ. ಉಳಿದದ್ದನ್ನು ಗಂಟೆಯಣ್ಣ ಹೇಳಿದರು. ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ಪಡೆದವರಲ್ಲಿ ಅನೇಕರು ಶೇಂದಿ ಇಳಿಸುವ ಕಸುಬಿನವರು. ಮಿಷನ್ ಆ ಕಸುಬು ಬಿಡಿಸಿತು, ಕುಟುಂಬದವರು ಅವರನ್ನೇ ಬಿಟ್ಟರು. ನೇಯ್ಗೆ ಶಾಲೆ, ಅಚ್ಚುಕೂಟ, 1865ರಲ್ಲಿ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆ, ಇವೆಲ್ಲ ಹುಟ್ಟಿದ್ದಕ್ಕೆ ಇಂಥವರಿಗೆ ಅನ್ನದ ದಾರಿ ಬೇಕಾಗಿದ್ದದ್ದೂ ಒಂದು ಕಾರಣ. ಅಜ್ಜನ ಅಜ್ಜ ಆ ಹಂಚಿನ ಕಾರ್ಖಾನೆಯ ಕೂಲಿಯಲ್ಲಿ ಉಳಿಸಿ ಮಾಡಿಸಿಕೊಟ್ಟ ಬೆಂಚು ಅದು. "ಬೇರೆಯವರಿಗೆ ಕುಟುಂಬದ ಮನೆ ಇರುತ್ತದೆ, ವರ್ಷಕ್ಕೊಮ್ಮೆ ಸೇರುತ್ತಾರೆ. ಇವರಿಗೆ ಆ ಬೆಂಚು" ಎಂದರು ಗಂಟೆಯಣ್ಣ. ಎರಡು ವಾಕ್ಯದ ಈ ಮಾತು ನನಗೆ ಮಾರ್ಚ್‌ನಲ್ಲೇ ಸಿಗುತ್ತಿತ್ತು, ಕೇಳಿದ್ದರೆ. ಆದರೆ ಗಂಟೆಯಣ್ಣ ಸಮಿತಿಯ ಸದಸ್ಯರಲ್ಲ, ಸಂಬಳದವರು. ಸಭೆ ನಡೆಯುವಾಗ ಅವರು ಹೊರಗೆ ಚಹಾ ಕಾಯಿಸುತ್ತಿರುತ್ತಾರೆ.

ಈ ಸಲ ಹೇಳಿ ಕಳುಹಿಸಲಿಲ್ಲ, ಪತ್ರ ಬರೆಯಲಿಲ್ಲ, ಅಜ್ಜನ ಮನೆಗೆ ಒಬ್ಬನೇ ಹೋದೆ. ಮಿನಿಟ್ಸ್‌ನ ನಕಲನ್ನು ಒಯ್ದಿದ್ದೆ. ಯಾಕೆ ಒಯ್ದೆ ಎಂದು ಕೇಳಿದರೆ, ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಎಲ್ಲವೂ ಕ್ರಮಬದ್ಧವಾಗಿತ್ತು ಎಂದು ತೋರಿಸಲು. ಅವರು ಅರ್ಧ ಗಂಟೆ ಅಡಿಕೆಯ ಕೊಳೆರೋಗದ ಬಗ್ಗೆ ಮಾತನಾಡಿದರು. ಆಮೇಲೆ ಕೈ ಚಾಚಿದರು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಸಾಲು ಸಾಲಾಗಿ ಓದಿ, ಕಿಟಕಿಯ ದಂಡೆಯಿಂದ ಕೆಂಪು ಪೆನ್ಸಿಲ್ ತೆಗೆದು, "ಒಮ್ಮತದಿಂದ" ಎಂಬ ಪದದ ಮೇಲೆ ಅಡ್ಡಗೆರೆ ಎಳೆದರು. ಅಂಚಿನಲ್ಲಿ ಅಳಿಸುವ ಗುರುತು ಹಾಕಿದರು. ನಲವತ್ತು ವರ್ಷ ಹಾಕಿದ ಗುರುತು, ಕೈ ಒಂದಿಷ್ಟೂ ನಡುಗಲಿಲ್ಲ.

ನಾನು ಕ್ಷಮೆ ಕೇಳಿದೆ. ಬೆಂಚು ಹುಡುಕಿಸುತ್ತೇನೆ ಎಂದೆ. "ಅದು ಯಾವುದೋ ಅಂಗಡಿಯ ಬಾಗಿಲಿನ ದಾರಂದವಾಗಿದೆ. ನಾನೇ ವಿಚಾರಿಸಿದ್ದೇನೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನೀವು ಇಲ್ಲಿ ಬಂದು ಹೇಳಿದ್ದು ಒಳ್ಳೆಯದಾಯಿತು. ಆದರೆ ನಕ್ಕದ್ದು ಇಲ್ಲಲ್ಲ, ಮೈಕಿನಲ್ಲಿ" ಎಂದರು.

ಒಬ್ಬನೇ ಹೋಗಿ ಮಾತನಾಡು ಎಂಬ ಮತ್ತಾಯ ಹದಿನೆಂಟರ ಮೆಟ್ಟಿಲನ್ನು ಹತ್ತಿಬಂದೆ ಎಂಬ ಹಗುರ ಅಲ್ಲೇ ಇಳಿದುಹೋಯಿತು. ಇಬ್ಬರ ನಡುವಿನ ತಪ್ಪಿಗೆ ಆ ಮೆಟ್ಟಿಲು ಸರಿ. ಇನ್ನೂರು ಜನರೆದುರು ಸ್ಪೀಕರಿನಲ್ಲಿ ಮಾಡಿದ ತಪ್ಪನ್ನು ಮನೆಯೊಳಗೆ ತೊಳೆದುಕೊಂಡರೆ ಅದು ನನ್ನ ಮಾನ ಉಳಿಸುವ ಏರ್ಪಾಡು, ಅವರದ್ದಲ್ಲ.

ಭಾನುವಾರ ಪ್ರಕಟಣೆಗಳ ಹೊತ್ತಿನಲ್ಲಿ ಮೈಕ್ ಹಿಡಿದು ಓದಿದೆ. ನಾಲ್ಕೇ ವಾಕ್ಯ, ಬರೆದುಕೊಂಡಿದ್ದೆ. ಅದರಲ್ಲೂ ಎಡವಿದೆ. "ಬೆಂಚುಗಳ ವಿಷಯದಲ್ಲಿ ನಾವು ವಿಚಾರಿಸದೆ ನಡೆದುಕೊಂಡೆವು, ಹರಾಜಿನ ದಿನ ನಾವು ನಕ್ಕದ್ದು ತಪ್ಪು" ಎಂದು ಓದಿದೆ. ಸಭಾಪಾಲಕರಿಗೆ ಬಹುವಚನದ ಚಟ. ಖಜಾಂಚಿ ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ಮುಖ ಕೆಂಪಾದದ್ದು ಕಾಣಿಸಿತು. ಆ ಸಂಜೆಯೇ ರಾಜೀನಾಮೆ ಪತ್ರ, ಕ್ಯಾಶ್ ಪುಸ್ತಕ, ಬೀರುವಿನ ಎರಡು ಕೀಲಿ ಬಂಗಲೆಯ ಜಗಲಿಗೆ ಬಂದವು. ಹನ್ನೊಂದು ವರ್ಷ ಒಂದು ವೋಚರ್ ತಪ್ಪದಂತೆ ಲೆಕ್ಕ ಇಟ್ಟವರನ್ನು ನಾನು ನನ್ನ ಕ್ಷಮಾಪಣೆಯೊಳಗೆ ಎಳೆದು ಹಾಕಿದ್ದೆ. ಅಜ್ಜ ಆ ವಾರ ಬಂದಿದ್ದರು. ಹೊರಡುವಾಗ ಬಾಗಿಲಲ್ಲಿ ಕೈಕುಲುಕಿ, "ಒಂದು ಅಕ್ಷರ ತಪ್ಪಿತು, ಅಯ್ಯನವರೇ. ನಾನು ಎಂದಿರಬೇಕಿತ್ತು" ಎಂದರು.

ಇದನ್ನೆಲ್ಲ ಮೇಲಿನ ಕಚೇರಿಗೆ ವರದಿ ಮಾಡಿದೆ. ಉತ್ತರವಾಗಿ ಬಂದದ್ದು, ಸ್ಥಿರ ಚರ ಆಸ್ತಿ ವಿಲೇವಾರಿಗೆ ಮುನ್ನ ಪೂರ್ವಾನುಮತಿ ಪಡೆಯತಕ್ಕದ್ದು ಎಂಬ ಸುತ್ತೋಲೆ, ಮೂರು ಪ್ರತಿಯಲ್ಲಿ ತುಂಬಬೇಕಾದ ನಮೂನೆಯೊಂದಿಗೆ. ನಮೂನೆಯಲ್ಲಿ ಬೆಂಚಿನ ಉದ್ದ, ಅಗಲ, ಮರದ ಜಾತಿ ಎಲ್ಲಕ್ಕೂ ಅಂಕಣವಿದೆ. ಅದರಲ್ಲಿ ಯಾರು ಕುಳಿತುಕೊಳ್ಳುತ್ತಿದ್ದರು ಎಂಬುದಕ್ಕಿಲ್ಲ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರಿಗೆ ದಿನದ ಊಟ ಹಂಚುವಾಗ ಅಲಕ್ಷ್ಯವಾಗುತ್ತಿದೆ ಎಂದು ಗೊಣಗಾಟವೆದ್ದಾಗ ಏಳು ಜನರನ್ನು ಆರಿಸಿದರು. ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ದೂರು ಯಾರ ಕಡೆಯಿಂದ ಬಂತೋ ಅವರ ಕೈಗೇ ಸೌಟು ಕೊಟ್ಟರು. ಅದನ್ನು ನಾನು ಎಷ್ಟೋ ಸಲ ಓದಿದ್ದೆ, ಎರಡು ಸಲ ಪ್ರಸಂಗವನ್ನೂ ಮಾಡಿದ್ದೆ, ಆ ಹೆಸರುಗಳನ್ನು ಮಾತ್ರ ಓಡಿಸಿಬಿಡುತ್ತಿದ್ದೆ. ಈಗ ಆಸ್ತಿಪಾಸ್ತಿಯ ಉಪಸಮಿತಿಯಲ್ಲಿ ಅಜ್ಜನ ಸೊಸೆ ಇದ್ದಾರೆ. ಗಂಟೆಯಣ್ಣ ಸದಸ್ಯರಲ್ಲದಿದ್ದರೂ ಒಳಗೆ ಕುಳಿತುಕೊಳ್ಳುತ್ತಾರೆ. ಚಹಾವನ್ನು ಫ್ಲಾಸ್ಕಿನಲ್ಲಿ ತರಿಸುತ್ತೇವೆ. ಮಾಜಿ ಖಜಾಂಚಿಯ ಮನೆಗೆ ನಾಲ್ಕು ಸಲ ಹೋಗಿದ್ದೇನೆ. ಚಹಾ ಕೊಡುತ್ತಾರೆ, ಹವೆಯ ಬಗ್ಗೆ ಮಾತನಾಡುತ್ತಾರೆ, ಕೀಲಿ ವಾಪಸು ತೆಗೆದುಕೊಂಡಿಲ್ಲ. ಆರಾಧನೆಗೆ ಬರುತ್ತಾರೆ, ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಮುಂದೆ ಬರುವುದಿಲ್ಲ. ಅಜ್ಜನ ಮನೆಯ ಹುಂಜದ ಬಗ್ಗೆ ಮಾತ್ರ ಮೊನ್ನೆ ಮೊದಲ ಸಲ ತಾವಾಗಿಯೇ ವಿಚಾರಿಸಿದರು: ಈ ವರ್ಷವೂ ಕೊಡುತ್ತಾರಂತೆಯೋ, ಮಗ ಕೇಳುತ್ತಿದ್ದ.

ಬೆಳೆ ಹಬ್ಬಕ್ಕೆ ಇನ್ನು ಎರಡು ವಾರ. ಮೈಕ್ ಗಂಟೆಯಣ್ಣನದ್ದು, ನನಗೆ ರಸೀದಿ ಪುಸ್ತಕ. ಪ್ರಕಟಣೆಯ ಕರಡನ್ನು ಅಜ್ಜನಿಗೆ ಮೊದಲೇ ಕಳುಹಿಸಿದ್ದೆ. ನಿನ್ನೆ ಮಡಚಿಟ್ಟು ಹೋಗಿದ್ದಾರೆ. ಎರಡು ಮಹಾಪ್ರಾಣ, ಒಂದು ಒತ್ತಕ್ಷರ ತಿದ್ದಿದ್ದಾರೆ. "ಹೊರದೇಶದಲ್ಲಿರುವವರು ಫೋನಿನ ಮೂಲಕ ಹರಾಜಿನಲ್ಲಿ ಭಾಗವಹಿಸಬಹುದು" ಎಂಬ ಸಾಲನ್ನು ಹೊಡೆದುಹಾಕಿಲ್ಲ, ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ. ಅಚ್ಚಿಗೆ ಶುಕ್ರವಾರ ಹೋಗಬೇಕು. ನಾಳೆ ಹಾಳೆ ಹಿಡಿದುಕೊಂಡು ಮೊದಲು ಅಜ್ಜನ ಮನೆಗೆ, ಆಮೇಲೆ ಆ ಇನ್ನೊಂದು ಮನೆಗೆ, ಬೇರೆ ಬೇರೆಯಾಗಿ.